ಮನೆಗೆ ಹೋಗುವ ಹಾಡು

“ಇದೆಂಥಾ ಗುಂಡಿ ರೀ? ತೂತೇ ಇಲ್ಲ! ಹೆಂಗ್ ಹೊಲಿತೀರಿ ಇದನ್ನ?”

ಶಾರದಕ್ಕ ನನ್ನ ಗುಂಡಿ ಡಬ್ಬಿಯೊಳಗೆ ಕೈಯಾಡಿಸುತ್ತ ಕೇಳಿದರು. ನಾನು ಅವರ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಅಂಜನಾಪುರದಿಂದ ಶಿಕಾರಿಪುರಕ್ಕೆ ಬಂದಾಗಲೆಲ್ಲ ಊರಿನ ಕೆಲಸ ಮುಗಿಸಿಕೊಂಡು ಕೊನೆಗೆ ನನ್ನ ಅಂಗಡಿಗೆ ಬಂದು ಕೂರುವುದು ಅವರ ರೂಢಿ. ಕೂತ ಮೇಲೆ ಕೈ ಸುಮ್ಮನಿರುವುದಿಲ್ಲ. ದಾರದ ಉಂಡೆ ಸುತ್ತುತ್ತಾರೆ, ನೆಲಕ್ಕೆ ಬಿದ್ದ ಬಟ್ಟೆಚೂರುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಾರೆ, ಗುಂಡಿ ಡಬ್ಬಿ ಸುರುವಿ ಒಂದೇ ತರಹದವನ್ನು ಬೇರೆ ಮಾಡುತ್ತಾರೆ. ಈಗ ಅವರು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸುತ್ತಿದ್ದದ್ದು ನೀಲಿ ಪ್ಲಾಸ್ಟಿಕ್ಕಿನ ಮೂರು ಮೂಲೆಯ ಚೂರು. ಗಿಟಾರಿನ ತಂತಿ ಮೀಟುವ ಬಿಲ್ಲೆ. ಅದನ್ನು ನಾನು ಕೊಂಡದ್ದಲ್ಲ. ಹಳೆಯ ಐಸ್‌ಕ್ರೀಂ ಡಬ್ಬಿಯ ಮುಚ್ಚಳದ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಗೆರೆ ಎಳೆದು, ಬಟ್ಟೆಯ ಕತ್ತರಿಯಲ್ಲೇ ಕತ್ತರಿಸಿದ್ದು. ಬಟ್ಟೆಯ ಕತ್ತರಿಯನ್ನು ಬೇರೆ ಯಾವುದಕ್ಕೂ ಮುಟ್ಟಬಾರದೆಂದು ಹೊಲಿಗೆ ಕಲಿಯಲು ಬರುವವರಿಗೆ ದಿನವೂ ಬೈಯುವವಳು ನಾನೇ ಎಂಬುದನ್ನು ದಯವಿಟ್ಟು ಅವರಿಗೆ ಹೇಳಬೇಡಿ.

“ಅದು ಗುಂಡಿ ಅಲ್ಲಕ್ಕಾ, ಗಿಟಾರ್ ಬಾರಿಸೋದು” ಎಂದೆ.

“ಅಯ್ಯ! ಇಷ್ಟ್ ದಿನ ಉಗುರಲ್ಲೇ ಬಾರಿಸ್ತೀರಿ ಅನ್ಕಂಡಿದ್ನಲ್ರೀ! ಪಾಪ, ಆಕಿ ಉಗುರು ಹೆಂಗ್ ತಡೀತಾವೋ ಅಂತ ಊರಾಗೆಲ್ಲಾ ಮಾತಾಡ್ಕಂಡಿದ್ವಿ.”

ಹೀಗೆ, ನನ್ನ ಉಗುರಿನ ಬಗ್ಗೆ ನನಗೆ ತಿಳಿಯದೆಯೇ ಒಂದು ಊರು ಮರುಗಿತ್ತು. ಅದನ್ನು ಕೇಳಿದ ಮೇಲೆ ಹುಕ್ಕು ಹಾಕುವ ಕೈ ನಿಧಾನವಾಯಿತು. ಇಂಥ ಹೊತ್ತಿನಲ್ಲಿ ಸೂಜಿ ಬಟ್ಟೆಯಲ್ಲಿರುತ್ತದೆ, ಮನಸ್ಸು ಇನ್ನೆಲ್ಲೋ ತಿರುಗುತ್ತಿರುತ್ತದೆ. ನನ್ನ ಗಿರಾಕಿಗಳ ರವಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಹುಕ್ಕು ಸೊಟ್ಟಗಿದ್ದರೆ ಕಾರಣ ಇದೇ.

ರವಿಕೆ ಹೊಲಿಯುವುದು ನನ್ನ ಕಸುಬು, ಅರಚುವುದು ಖಯಾಲಿ. ಅರಚುವುದು ಎಂದರೆ ಹಾಡುವುದೇ, ಆದರೆ ನಾನು ಹಾಡುವ ರೀತಿಗೆ ‘ಹಾಡು’ ಎಂದರೆ ಹಾಡಿಗೆ ಬೇಸರವಾದೀತು. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಹೊಲಿಗೆಯ ಡಿಪ್ಲೊಮಾ ಮಾಡುತ್ತಿದ್ದಾಗ, ಕೋಣೆಯ ಗೆಳತಿಯೊಬ್ಬಳು ಮದುವೆಯಾಗಿ ಹೋಗುವಾಗ ತನ್ನ ಗಿಟಾರನ್ನು ಬಿಟ್ಟುಹೋದಳು. ಗಂಡನ ಮನೆಗೆ ಒಯ್ಯುವ ಸಾಮಾನಿನಲ್ಲಿ ಅದಕ್ಕೆ ಜಾಗವಿರಲಿಲ್ಲವಂತೆ. ಅದರಲ್ಲಿ ಅರ್ಧ ತಂತಿಗಳೇ ಇರಲಿಲ್ಲ. ಕಲಿಸುವವರೂ ಇರಲಿಲ್ಲ. ಉಳಿದ ತಂತಿಗಳ ಮೇಲೆ ಸಿಟ್ಟು ಬಂದಾಗಲೆಲ್ಲ ಹೊಡೆದೆ. ಹೊಡೆಯುತ್ತ ಹೊಡೆಯುತ್ತ, ಚಿಕ್ಕಂದಿನಲ್ಲಿ ಅವ್ವನ ಬಾಯಲ್ಲಿ ಕೇಳಿದ ಹಾಡುಗಳು ತಾವಾಗಿಯೇ ಬಂದು ಕೂಡಿಕೊಂಡವು. ರಜೆಗೆ ಊರಿಗೆ ಬಂದು ಹಿತ್ತಿಲಲ್ಲಿ ಕೂತು ಬಾರಿಸಿದಾಗ ಅವ್ವ ಕೈಯ ಕೆಲಸ ಬಿಟ್ಟು ಬಂದು ನಿಂತಳು.

“ಹಾಡ್ತಿಯೇನೆ, ಯಾರಿಗಾದ್ರೂ ಬೈತಿಯೇನೆ?”

“ಎರಡೂ ಅವ್ವ.”

“ಹಂಗಾದ್ರೆ ಬೈಯಾಗ ಬಾಗ್ಲು ಹಾಕ್ಕ. ಹಾಡಾಗ ತೆಕ್ಕ.”

ಸಂಗೀತದಲ್ಲಿ ನನಗೆ ಸಿಕ್ಕ ಪಾಠ ಅದೊಂದೇ. ಅದನ್ನೂ ನಾನು ಪಾಲಿಸಲಿಲ್ಲ. ಬಾಗಿಲು ತೆರೆದಿಟ್ಟುಕೊಂಡೇ ಎರಡನ್ನೂ ಮಾಡಿದೆ.

ಇದಕ್ಕೊಂದು ಹೆಸರಿದೆ ಎಂಬುದು ತಿಳಿದದ್ದು ಬಹಳ ತಡವಾಗಿ. ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಹಾಡಲು ಕರೆದಿದ್ದರು. ಮಂದ ಬೆಳಕು, ಎತ್ತರದ ಕುರ್ಚಿಗಳು. ಕೇಳಿದವರು ಚಪ್ಪಾಳೆ ಹೊಡೆದರು, ಮೊಬೈಲಿನಲ್ಲಿ ಹಿಡಿದುಕೊಂಡರು, ಒಬ್ಬರೂ ಬಾಯಿ ತೆರೆದು ಜೊತೆಗೂಡಲಿಲ್ಲ. ಮುಗಿದ ಮೇಲೆ ಗಡ್ಡದ ಯುವಕನೊಬ್ಬ ಬಂದು, “ಮೇಡಂ, ನೀವು ಮಾಡ್ತಿರೋದು ಫೋಕ್ ಪಂಕ್” ಎಂದ. ಏನೋ ಕಾಯಿಲೆ ಹೇಳುತ್ತಿದ್ದಾನೆ ಎನ್ನುವ ಹಾಗಿತ್ತು ಅವನ ಮುಖ. ಆಮೇಲೆ ಅವನೇ ವಿವರಿಸಿದ. ಜನಪದದ ಧಾಟಿ, ಬೀದಿಯ ಸಿಟ್ಟು, ಯಾವ ಕಂಪನಿಯ ಹಂಗೂ ಇಲ್ಲದೆ ಸ್ವಂತ ಕಾಲ ಮೇಲೆ ಊರೂರು ತಿರುಗುವುದು. ಜಗತ್ತಿನಲ್ಲಿ ಹೀಗೆ ಮಾಡುವವರು ಬಹಳ ಜನರಿದ್ದಾರಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಹಾಲಪ್ಪನಿಗೆ ಅದನ್ನು ಹೇಳಿದೆ. ಅವನು, “ಅವರಿಗೂ ಊಟ ಊರೋರೇ ಹಾಕ್ತಾರೇನ್ರಿ?” ಎಂದು ಕೇಳಿದ.

ಹಾಲಪ್ಪ ಯಾರು ಎಂಬುದನ್ನು ಹೇಳಲೇ ಇಲ್ಲ. ನಮ್ಮದು ಇಬ್ಬರ ತಂಡ, ಹೆಸರು ‘ಕಾಜಾ ಗುಂಡಿ’. ನಾನು ಗಿಟಾರು, ಅವನು ಡೊಳ್ಳು. ಶಿಕಾರಿಪುರದ ಪಕ್ಕದ ಹಳ್ಳಿಯ, ಕುರಿ ಸಾಕುವ ಮನೆತನದವನು. ಒಂದು ದಿನ ಡೊಳ್ಳಿಗೆ ಗವಸು ಹೊಲಿಸಲು ಬಂದಿದ್ದ. ಅಳತೆಗೆ ಹಳೆಯ ಗವಸಿದೆಯೇ ಎಂದರೆ ಡೊಳ್ಳನ್ನೇ ತಂದಿದ್ದೇನೆ ಎಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಡೊಳ್ಳನ್ನು ಇಳಿಸಿದ. ಬರೀ ನೆಲಕ್ಕೆ ಡೊಳ್ಳು ಇಡುವ ಪದ್ಧತಿ ಅವರಲ್ಲಿಲ್ಲ. ನಾನು ಟೇಪು ಹಿಡಿದು ಗಿರಾಕಿಗೆ ತೆಗೆಯುವ ಹಾಗೆಯೇ ಅದರ ಎದೆ, ಸೊಂಟ, ಉದ್ದ ಎಲ್ಲ ತೆಗೆದುಕೊಂಡೆ. ಚರ್ಮಕ್ಕೆ ಟೇಪು ತಾಗಿದಾಗ ಒಳಗಿನಿಂದ ಒಂದು ಸಣ್ಣ ಗುಡುಗು ಬಂತು. ತಡೆಯಲಾಗದೆ ಮಿಷನ್ನಿನ ಹಿಂದಿದ್ದ ಗಿಟಾರು ತೆಗೆದೆ. ಅವತ್ತು ರವಿಕೆ ಒಯ್ಯಲು ಬಂದವರೆಲ್ಲ ಬಾಗಿಲಲ್ಲೇ ನಿಂತು ಕೇಳಿದರು. ಯಾರ ರವಿಕೆಯೂ ಸಿದ್ಧವಿರಲಿಲ್ಲ, ಯಾರೂ ಬೈಯಲಿಲ್ಲ. ಅದೇ ನಮ್ಮ ಮೊದಲ ಕಚೇರಿ.

ಅಲ್ಲಿಂದ ಮುಂದೆ ಬಸ್ಸೇ ನಮ್ಮ ಮನೆಯಾಯಿತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ, ಸೊರಬದಿಂದ ಯಾವುದೋ ಹಳ್ಳಿ. ಕಂಡಕ್ಟರುಗಳೊಂದಿಗೆ ಡೊಳ್ಳಿನ ವ್ಯಾಜ್ಯ ಪ್ರತಿ ಸಲವೂ ಇದ್ದದ್ದೇ.

“ಇದಕ್ಕೆ ಲಗೇಜ್ ಚೀಟಿ ಆಗ್ತತಿ.”

“ಲಗೇಜಲ್ರೀ ಅದು, ದೇವ್ರು” ಎನ್ನುತ್ತಿದ್ದ ಹಾಲಪ್ಪ.

“ದೇವ್ರಾದ್ರೆ ಫುಲ್ ಟಿಕೆಟ್ ತಗೋರಿ ಮತ್ತೆ. ಕಿಟಕಿ ಸೀಟು ಬೇರೆ ಹಿಡದೈತಿ!”

ನಮ್ಮ ಪ್ರವಾಸಕ್ಕೆ ಪೋಸ್ಟರಿಲ್ಲ, ಪ್ರಚಾರವಿಲ್ಲ. ಇದ್ದದ್ದು ರವಿಕೆ. ಹೊಲಿಸಲು ಬಂದವರು ಕೂತು ಮಾತಾಡುತ್ತ, “ನಮ್ಮ ಓಣಿಗೂ ಬರ್ರಿ” ಎಂದರೆ ಅದೇ ಆಹ್ವಾನ. ಅವರ ಮನೆಯ ಅಂಗಳ, ಇಲ್ಲವೇ ಹಾಲಿನ ಡೈರಿಯ ಕಟ್ಟೆ, ಇಲ್ಲವೇ ನಾಲೆಯ ಏರಿಯ ಮೇಲಿನ ಮರದ ನೆರಳು. ಹಗಲಿನ ಊಟವಾದ ಮೇಲೆ, ಸಂಜೆಯ ಹಾಲು ಕರೆಯುವ ಮೊದಲು, ಹೆಂಗಸರಿಗೆ ಒಂದಿಷ್ಟು ಬಿಡುವಿರುತ್ತದಲ್ಲ, ಆ ಹೊತ್ತೇ ನಮ್ಮದು. ಒಂದು ಕರಾರು ಮಾತ್ರ ಇಟ್ಟುಕೊಂಡಿದ್ದೆವು. ಯಾವ ಊರಿಗೆ ಹೋದರೂ ಅಲ್ಲಿನವರಿಂದ ಒಂದು ಹಾಡು ಕಲಿಯದೆ ಬಸ್ಸು ಹತ್ತುವುದಿಲ್ಲ, ಅದನ್ನು ಮುಂದಿನ ಊರಿನಲ್ಲಿ ಹಾಡದೆ ಬಿಡುವುದಿಲ್ಲ. ಹೀಗಾಗಿ ಸೊರಬದ ಕಡೆಯ ಹಾಡು ಅಂಜನಾಪುರಕ್ಕೆ ಬಂತು, ಅಂಜನಾಪುರದ್ದು ಅತ್ತ ಹೋಯಿತು. ಹಾಡಿನ ಜೊತೆ ಮಾತೂ ಹೋಗುತ್ತಿತ್ತು. “ಆ ಸಾಲು ಕಟ್ಟಿದಾಕಿ ಯಾರು? ಆಕಿಗೆ ನಾ ಕೇಳ್ದೆ ಅಂತ ಹೇಳ್ರಿ.” “ಆ ಊರ ಹೆಂಗ್ಸರು ಅತ್ತೇನ ಇಷ್ಟ್ ಬೈತಾರಾ? ನಮ್ಗಿಂತ ವಾಸಿ ಬಿಡು!” ಕೊನೆಗೆ ಮಧ್ಯಸ್ಥಿಕೆ ಮಾಡಿ ಸಾಕಾಗಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿದೆ. ಅದಕ್ಕೆ ‘ಸೊಲ್ಲು’ ಎಂದು ಹೆಸರಿಟ್ಟೆ.

ಸೊಲ್ಲು ಎಂದರೆ ಏನೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಕುಪ್ಪಗಡ್ಡೆಗೆ ಬರಬೇಕು. ಅದು ನಮ್ಮವ್ವನ ತವರು. ನನಗೆ ನೆನಪಿರುವ ಅತಿ ಹಳೆಯ ನೋಟ ಎಂದರೆ ಅಲ್ಲಿನ ಗದ್ದೆಯ ಬದುವಿನ ಮೇಲೆ ನಾನೊಬ್ಬಳೇ ಕೂತಿರುವುದು. ಎದುರಿಗೆ ಬಗ್ಗಿದ ಹೆಂಗಸರ ಸಾಲು. ಅವರಲ್ಲಿ ಅವ್ವ ಯಾರೆಂದು ಗುರುತು ಸಿಗುತ್ತಿರಲಿಲ್ಲ, ಎಲ್ಲರ ಬೆನ್ನಿಗೂ ಮಳೆಗೆ ಹೊದೆಯುವ ಒಂದೇ ತರಹದ ಎಲೆಯ ಗೊರಬು. ಮುಖ ಕಾಣದಿದ್ದರೂ ದನಿ ಸಿಗುತ್ತಿತ್ತು. ನಾಟಿಯ ಸಾಲಿನಲ್ಲಿ ಒಬ್ಬಳು ಹಾಡು ಎತ್ತುತ್ತಾಳೆ, ಉಳಿದವರು ಅವಳ ಹಾಡಿನ ಸಾಲಿನ ಕೊನೆಯನ್ನು ಹಿಡಿದು ಒಟ್ಟಾಗಿ ತಿರುಗಿ ಹೇಳುತ್ತಾರೆ. ಇದೇ ಸೊಲ್ಲು ಕೊಡುವುದು. ಸೊಲ್ಲು ಬರದೆ ಎತ್ತಿದವಳು ಮುಂದಿನ ಸಾಲಿಗೆ ಹೋಗುವಂತಿಲ್ಲ. ಎಷ್ಟೇ ಒಳ್ಳೆಯ ಕಂಠವಿರಲಿ, ಒಬ್ಬಳ ಹಾಡು ಅಲ್ಲಿ ಹಾಡಲ್ಲ.

ಬದುವಿನ ಮೇಲೆ ಕೂತು ನಾನು ಎಲ್ಲ ಹಾಡುಗಳನ್ನೂ ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಒಂದೇ ಒಂದು ಹಾಡಿಗೆ ಮಾತ್ರ ದಡಕ್ಕನೆ ಎದ್ದು ನಿಲ್ಲುತ್ತಿದ್ದೆ.

ಹೊತ್ತು ಹೋಯ್ತು ತಂಗಿ ಹೊಂಗೆಯ ಮರದಾಚೆ
ಮತ್ಯಾಕೆ ಬಗ್ಗಿ ನಿಂತೀಯೆ, ಕಾಲ್ತೊಳೆದು
ಹತ್ತಮ್ಮ ಬದುವ ಮನೆಗ್ಹೋಗಾನ

“ಮನೆಗ್ಹೋಗಾನ ಬಾರೆ, ಮನೆಗ್ಹೋಗಾನ” ಎಂದು ಸೊಲ್ಲು ಬರುತ್ತಿದ್ದ ಹಾಗೆ ಬಗ್ಗಿದ್ದ ಬೆನ್ನುಗಳು ಒಂದೊಂದಾಗಿ ನೆಟ್ಟಗಾಗುತ್ತಿದ್ದವು. ಅದರಲ್ಲೊಂದು ಬೆನ್ನು ತಿರುಗಿ ಅವ್ವನ ಮುಖವಾಗುತ್ತಿತ್ತು. ಅವಳು ಕೆಸರ ಕಾಲನ್ನು ತೊಳೆದು ಬದು ಹತ್ತಿ ನನ್ನನ್ನು ಎತ್ತಿಕೊಳ್ಳುತ್ತಿದ್ದಳು. ನನ್ನ ಪಾಲಿಗೆ ಲೋಕದಲ್ಲಿ ಅದಕ್ಕಿಂತ ಚೆಂದದ ಹಾಡು ಇನ್ನೊಂದಿರಲಿಲ್ಲ. ಅವ್ವ ಹೋಗಿಬಿಟ್ಟ ಮೇಲಂತೂ ಆ ಹಾಡನ್ನು ನೆನೆದರೆ ಈಗಲೂ ಕಂಕುಳ ಕೆಳಗೆ ಅವಳ ಒದ್ದೆ ಕೈ ತಾಗಿದಂತೆ ಆಗುತ್ತದೆ.

ಹಾಗಾಗಿ ಮೊದಲ ಸಲ ಕುಪ್ಪಗಡ್ಡೆಯಿಂದ ಕರೆ ಬಂದಾಗ, ಯಾವ ಹಾಡಿನಿಂದ ಶುರು ಮಾಡಬೇಕೆಂದು ನಾನು ಯೋಚಿಸಲೇ ಇಲ್ಲ.

ಡೈರಿಯ ಕಟ್ಟೆ. ಮುಂದೆ ಹೆಂಗಸರು ಒತ್ತಾಗಿ ಕೂತಿದ್ದರು, ಕೆಲವರ ಪಕ್ಕದಲ್ಲಿ ಹಾಲಿನ ಕ್ಯಾನು. ಹಾಲಪ್ಪ ಕಂಬಳಿ ಹಾಸಿ, ಡೊಳ್ಳಿಗೆ ನಮಸ್ಕರಿಸಿ ಹೆಗಲಿಗೇರಿಸಿದ. ನಾನು ಗಿಟಾರು ಹೊಡೆದು, ಇದ್ದ ಉಸಿರನ್ನೆಲ್ಲ ಒಗ್ಗೂಡಿಸಿ, “ಹೊತ್ತು ಹೋಯ್ತು ತಂಗಿ” ಎಂದು ಎತ್ತಿದೆ. ಸೊಲ್ಲು ಬಂತು ನೋಡಿ! ಅಷ್ಟೂ ಜನ ಒಂದೇ ಬಾಯಿಯಾಗಿ, ಕಟ್ಟೆಯೇ ನಡುಗುವ ಹಾಗೆ. ನಾನು ಹುಟ್ಟಿದ್ದೇ ಇದಕ್ಕೆ ಎಂದುಕೊಂಡೆ. ಕಣ್ಣು ಮುಚ್ಚಿ ಎರಡನೆಯ ಸಾಲು ಹಾಡಿದೆ, ಮೂರನೆಯದು ಹಾಡಿದೆ. ಸೊಲ್ಲು ಸ್ವಲ್ಪ ದೂರದಿಂದ ಬಂದಂತೆ ಕೇಳಿಸಿತು. ಕಣ್ಣು ತೆರೆದರೆ ಅರ್ಧ ಜನ ಎದ್ದು ನಿಂತು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾರೆ, ಉಳಿದರ್ಧ ಆಗಲೇ ದಾರಿ ಹಿಡಿದಿದ್ದಾರೆ. ಹೋಗುತ್ತ ಹೋಗುತ್ತಲೇ ಸೊಲ್ಲು ಕೊಡುತ್ತಿದ್ದಾರೆ! ಹಾಡು ಮುಗಿಯುವ ಹೊತ್ತಿಗೆ ನಮ್ಮ ಮುಂದೆ ಡೈರಿಯ ಕಾರ್ಯದರ್ಶಿ, ಒಂದು ನಾಯಿ, ಯಾರೋ ಮರೆತ ಒಂದು ಕ್ಯಾನು ಇಷ್ಟೇ ಉಳಿದಿದ್ದವು.

“ನಮ್ಮ ಡೊಳ್ಳಿಗೆ ಇಲ್ಲೀತನಾ ಯಾರೂ ಹಿಂಗ್ ಎದ್ ಹೋಗಿಲ್ಲ ನೋಡ್ರಿ ಅಕ್ಕಾರ” ಎಂದ ಹಾಲಪ್ಪ. ಅಂದರೆ ತಪ್ಪು ಗಿಟಾರಿನದು.

ನನಗೆ ಅಳು ಬಂತು. ಅವ್ವನ ತವರಿನವರು ನನ್ನನ್ನು ಒಪ್ಪಲಿಲ್ಲ, ಅವ್ವನ ಹಾಡನ್ನು ಕೆಡಿಸಿದೆನೆಂದು ಮುಖ ತಿರುಗಿಸಿ ಹೋದರು ಎಂದುಕೊಂಡೆ. ತಂತಿ ಸಡಿಲಿಸಿ ಗಿಟಾರನ್ನು ಚೀಲಕ್ಕೆ ತುರುಕುತ್ತಿದ್ದಾಗ ಒಬ್ಬ ಮುದುಕಿ ಮರಳಿ ಬಂದಳು. ಮರೆತ ಕ್ಯಾನು ಅವಳದು. ಅವಳೇ ಗಂಗಜ್ಜಿ, ಒಂದು ಕಾಲದಲ್ಲಿ ಅವ್ವನ ನಾಟಿ ಸಾಲಿನ ಮುಂದಾಳು. ನನ್ನ ಮುಖ ನೋಡಿ, “ಎಂತ ಆಯ್ತೆ?” ಎಂದಳು.

“ಎಲ್ಲಾ ಎದ್ದು ಹೋದ್ರಲ್ಲಜ್ಜಿ.”

“ನೀನೇ ಅಲ್ವೇನೆ ಮನೆಗೆ ಹೋಗಿ ಅಂದಿದ್ದು?”

ಗಂಗಜ್ಜಿ ಕಟ್ಟೆಯ ಮೇಲೆ ಕುಕ್ಕರಿಸಿ ಕೂತು ನಗತೊಡಗಿದಳು. “ಅದು ಕೆಲ್ಸ ಮುಗ್ಸೋ ಹಾಡು ಮಾರಾಯ್ತಿ. ಅದುನ್ನ ಎತ್ತಿ ಸೊಲ್ಲು ಕೊಟ್ಟ ಮೇಲೆ ಗದ್ದೇಲಿ ನಿಲ್ಲಂಗಿಲ್ಲ. ಇವ್ಳೆಂತ, ಬಂದ್ಕೂಡ್ಲೆ ಮನೆಗ್ ಕಳಸ್ತಾಳಲ್ಲ, ಅರ್ಜೆಂಟ್ ಇರ್ಬೋದು ಅಂತ ನಾವೂ ಎದ್ವಿ. ಚಲೋ ಹಾಡ್ದೆ ಬಿಡು.”

ಬದುವಿನ ಮೇಲೆ ಕೂತ ಮಗುವಿಗೆ ಹಾಡು ಗೊತ್ತಿತ್ತು, ಅದರ ಕಟ್ಟಳೆ ಗೊತ್ತಿರಲಿಲ್ಲ. ಅದನ್ನು ಗಂಗಜ್ಜಿ ಅವತ್ತು ಪೂರ್ತಿ ಹೇಳಿದಳು. ಕಿತ್ತು ತಂದ ಸಸಿಯ ಕಟ್ಟು ಒಂದಾದರೂ ನೆಡದೆ ಉಳಿದಿದ್ದರೆ ಆ ಹಾಡು ಎತ್ತುವಂತಿಲ್ಲ. ಯಾರಾದರೂ ಆತುರಗೆಟ್ಟು ಎತ್ತಿದರೆ ಉಳಿದವರು ಸೊಲ್ಲು ಕೊಡುವುದಿಲ್ಲ, ಅಷ್ಟೆ. ಬೈಯುವುದಿಲ್ಲ, ಬೇಡವೆನ್ನುವುದಿಲ್ಲ, ಬಾಯಿ ಬಿಗಿ ಹಿಡಿದು ನಾಟಿ ಮುಂದುವರಿಸುತ್ತಾರೆ.

“ನಿಮ್ಮವ್ವನೂ ಒಂದಿನ ಎತ್ತಿದ್ಲು. ನೀ ಬದದ ಮೇಲೆ ಕೂತು ಒಂದೇ ಸಮ ಅಳ್ತಿದ್ದೆ. ಅವ್ಳಿಗೆ ಹೊಟ್ಟೆ ಉರೀತು, ಹಾಡು ಎತ್ತೇಬಿಟ್ಲು. ಕಟ್ಟು ಬೇಕಾದಷ್ಟ್ ಉಳಿದಿದ್ವು. ಯಾರು ಕೊಡ್ತಾರೆ ಸೊಲ್ಲು? ಮತ್ತೊಂದ್ಸಲ ಎತ್ತಿದ್ಲು, ಕೊಡ್ಲಿಲ್ಲ. ಆಮೇಲೆ ಸುಮ್ನೆ ಬಗ್ಗಿದ್ಲು.”

“ಪಾಪ ಅಲ್ವೇನಜ್ಜಿ ಅವ್ವ!”

“ಪಾಪ ಎಂತದು? ಅವ್ಳ ಪಾಲಿನ ಸಾಲೂ ನಾವೇ ಎಳ್ಕಂಡು ಬಿರಬಿರನೆ ನೆಟ್ವಿ. ಅವ್ಳುನ್ನ ಬದ ಹತ್ಸಿ ಕಳ್ಸಿ, ನಿನ್ ಪಕ್ಕ ಕೂರ್ಸಿದ್ವಿ. ಹಾಡು ಮಾತ್ರ ಕಟ್ಟು ಮುಗುದ್ ಮೇಲೇನೆ.”

ಆಮೇಲೆ ಕುಪ್ಪಗಡ್ಡೆಗೆ ನಾವು ಎಷ್ಟೋ ಸಲ ಹೋದೆವು. ನನ್ನ ಈ ಪರಾಕ್ರಮದ ಕಥೆಯನ್ನು ಹಾಲಪ್ಪ ಎಲ್ಲ ಊರಿನಲ್ಲೂ ಹೇಳಿ ನಗಿಸುತ್ತಿದ್ದ. ಎದ್ದು ಹೋಗುವ ಹೆಂಗಸರನ್ನು ಅಭಿನಯಿಸಿ ತೋರಿಸುವಾಗ ಅವನ ಕೈಯಲ್ಲಿ ಹಾಲಿನ ಕ್ಯಾನೂ ಇರುತ್ತಿತ್ತು. ಅಂಜನಾಪುರದಲ್ಲಂತೂ ನನ್ನ ಹಾಡಿಗಿಂತ ಆ ಕಥೆಗೇ ಬೇಡಿಕೆ ಹೆಚ್ಚು.

ಹೀಗೆ ನಡೆಯುತ್ತಿದ್ದಾಗ ನನ್ನ ಗಂಟಲು ಕೆಟ್ಟಿತು. ಮೊದಲು ದನಿ ಒಡೆಯಿತು, ಆಮೇಲೆ ಬೆಳಗಿನ ಹೊತ್ತು ದನಿಯೇ ಇಲ್ಲ. ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ಮಾತಾಡಿ ಒಬ್ಬರಿಗೆ ಮೊಣಕೈ ತೋಳಿನ ರವಿಕೆಯ ಬದಲು ಗಿಡ್ಡ ತೋಳಿನದನ್ನು ಹೊಲಿದುಕೊಟ್ಟೆ. ಶಿವಮೊಗ್ಗದ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಸ್ವರತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಎಂದರು. ದಾರದಲ್ಲಿ ಗಂಟು ಬಿದ್ದರೆ ಸೂಜಿಯ ಮೊನೆಯಿಂದ ಬಿಡಿಸುವವಳು ನಾನು. ಇದು ಹಾಗೆ ಬಿಡುವ ಗಂಟಲ್ಲ. “ಕೂಗುವುದನ್ನು ಬಿಡಬೇಕು. ಇನ್ನೂ ಹೀಗೇ ಮುಂದುವರಿಸಿದರೆ ಮಾತಾಡುವ ದನಿಯನ್ನೂ ಕಳೆದುಕೊಳ್ಳುತ್ತೀರಿ” ಎಂದರು.

ಶಿಕಾರಿಪುರಕ್ಕೆ ಬರುವ ತನಕ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಅತ್ತೆ. ಹಾಡು ಹೋದರೆ ನಾನು ಯಾರು? ಹುಕ್ಕು ಸೊಟ್ಟಗೆ ಹಾಕುವ ಒಬ್ಬ ದರ್ಜಿ, ಅಷ್ಟೆ. ಹಾಲಪ್ಪನಿಗೆ ಹೇಳಿದಾಗ ಅವನು ಡೊಳ್ಳಿನ ಹಗ್ಗ ಬಿಗಿಯುತ್ತಿದ್ದ. ತಲೆಯೆತ್ತಲಿಲ್ಲ.

“ನಿಮ್ಮ ಗಂಟ್ಲು ಮುಖ್ಯ ಬಿಡ್ರಿ ಅಕ್ಕಾರ” ಎಂದ. ಹಗ್ಗವನ್ನು ಇನ್ನೊಂದು ಸುತ್ತು ಎಳೆದು, “ಇನ್ನ ಡೊಳ್ಳು ಗುಡಿಯಾಗಿನ ಗೂಟಕ್ಕೆ ತೂಗ್ಬೇಕು. ವರ್ಷಕ್ಕೊಮ್ಮೆ ಇಳಿಸ್ತೀವಿ. ಊರೂರು ನೋಡಿ ಚಟ ಆಗಿತ್ತು ಅದಕ್ಕ” ಎಂದ.

ಡೊಳ್ಳಿಗೋ ಅವನಿಗೋ ಎಂದು ನಾನು ಕೇಳಲಿಲ್ಲ.

ತಂಡ ನಿಲ್ಲಿಸುವುದೆಂದು ನಿರ್ಧರಿಸಿದೆ. ನಿಲ್ಲಿಸುವುದಾದರೆ ಚೆನ್ನಾಗಿ ನಿಲ್ಲಿಸಬೇಕೆಂಬ ಆಸೆಯೂ ಇತ್ತು. ಕೊನೆಯ ಕಚೇರಿ ಕುಪ್ಪಗಡ್ಡೆಯಲ್ಲೇ, ಅದೇ ಡೈರಿ ಕಟ್ಟೆಯ ಮೇಲೆ. ಕೊನೆಯ ಹಾಡು ಮನೆಗೆ ಹೋಗುವ ಹಾಡು. ಮೊದಲು ಹಾಡಬಾರದಿದ್ದಲ್ಲಿ ಹಾಡಿದ್ದೆನಲ್ಲ, ಈ ಸಲ ಹಾಡಬೇಕಾದಲ್ಲೇ ಹಾಡಿ ಮುಗಿಸುತ್ತೇನೆ. ಅಂಚು ಮಡಚಿ ಹೊಲಿದು ದಾರ ಕತ್ತರಿಸಿದ ಹಾಗೆ ಇರುತ್ತದೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ದುಃಖದಲ್ಲೂ ಮನುಷ್ಯರಿಗೆ ಜಂಭ ಬಿಡುವುದಿಲ್ಲ.

‘ಸೊಲ್ಲು’ ಗುಂಪಿನಲ್ಲಿ ಸುದ್ದಿ ಹೋಯಿತು. ಅಂಜನಾಪುರದಿಂದ ಶಾರದಕ್ಕನ ಮುಂದಾಳತ್ವದಲ್ಲಿ ಒಂದು ಬಾಡಿಗೆ ಗಾಡಿಯ ತುಂಬ ಜನ ಬಂದಿಳಿದರು. ಅಷ್ಟು ದಿನ ದನಿಯಲ್ಲಿ ಮಾತ್ರ ಪರಿಚಯವಿದ್ದ ಎರಡೂ ಊರಿನ ಹೆಂಗಸರು, “ಓ, ಅತ್ತಿ ಹಾಡಿನಾಕಿ ನೀವೇನ್ರಿ?” “ನಿನ್ ದನಿ ಕೇಳಿ ಇಷ್ಟ್ ಉದ್ದ ಇರ್ತೀಯ ಅಂದ್ಕಂಡಿದ್ದೆ ಮಾರಾಯ್ತಿ!” ಎಂದು ಕೈ ಹಿಡಿದುಕೊಂಡು ನಿಂತರು. ಗಂಗಜ್ಜಿಗೆ ಮುಂದೆ ಪ್ಲಾಸ್ಟಿಕ್ ಕುರ್ಚಿ. ಹಾಲಪ್ಪ ಹೊಸ ಕಂಬಳಿ ತಂದಿದ್ದ.

ನಾನು ಹಾಡಿದೆ ಎನ್ನುವುದಕ್ಕಿಂತ ಗೊಗ್ಗರು ದನಿಯಲ್ಲಿ ಸಾಲುಗಳನ್ನು ಹೇಳಿದೆ. ಪುಣ್ಯಕ್ಕೆ ಸೊಲ್ಲು ಗಟ್ಟಿಯಾಗಿ ಬರುತ್ತಿತ್ತು. ಒಬ್ಬೊಬ್ಬರೂ ತಮ್ಮ ಊರಿನ ಹಾಡು ಎತ್ತಿದರು. ಶಾರದಕ್ಕ ತಾವೇ ಒಂದು ಹಾಡು ಕಟ್ಟಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಪ್ರತಿ ಸಲ ಕೇಳಿದಾಗಲೂ ನಾಚಿಕೊಂಡು ಮುಂದಕ್ಕೆ ಹಾಕುತ್ತಿದ್ದರು. ಅವತ್ತೂ ಕೇಳಿದೆ. “ಮುಂದಿನ ಸಲ ರೀ” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಂದಿನ ಸಲ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹಾಲು ಕರೆಯುವ ಹೊತ್ತು ಹತ್ತಿರವಾಯಿತು. ನಾನು ಎದ್ದು ನಿಂತು, ಡಾಕ್ಟರು ಹೇಳಿದ್ದನ್ನು ಹೇಳಿ, “ನಮ್ಮ ತಿರುಗಾಟ ಇವತ್ತಿಗೆ ಮುಗೀತು” ಎಂದೆ. ಕೈ ಮುಗಿದೆ. ಆಮೇಲೆ ಮೆಲ್ಲಗೆ ಎತ್ತಿದೆ.

“ಹೊತ್ತು ಹೋಯ್ತು ತಂಗಿ ಹೊಂಗೆಯ ಮರದಾಚೆ...”

ಸೊಲ್ಲು ಬರಲಿಲ್ಲ. ನನ್ನ ದನಿ ತಲುಪಿಲ್ಲವೇನೋ ಎಂದು ಡೈರಿಯವರು ಇಟ್ಟಿದ್ದ ಮೈಕನ್ನು ಹತ್ತಿರ ಎಳೆದುಕೊಂಡು ಮತ್ತೆ ಎತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೆಲವರ ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಿಗಿ. ಹಾಲಪ್ಪನ ಕಡೆ ನೋಡಿದೆ. ಅವನು ಡೊಳ್ಳು ಬಾರಿಸುವ ಗುಣಿಕೆ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯನ್ನು ಡೊಳ್ಳಿನ ಮೇಲಿಟ್ಟು, ಆಕಾಶ ನೋಡುತ್ತ ನಿಂತಿದ್ದ.

“ಕಟ್ಟು ಉಳಿದಾವೆ ಮಗ” ಎಂದಳು ಗಂಗಜ್ಜಿ.

“ಎಲ್ಲಿ ಉಳಿದಾವಜ್ಜಿ? ಎಲ್ಲಾ ಹಾಡಾಯ್ತಲ್ಲ.”

“ಆ ಅಂಜನಾಪುರದ ಹೆಂಗ್ಸು ಹಾಡಿದ್ಲಾ? ಮಾತೆತ್ತಿದ್ರೆ ಮುಂದಿನ್ ಸಲ ಅಂತಾಳೆ. ಇಲ್ಲಿ ನನ್ ಸೊಸೆ ಒಂದು ಅರ್ಧ ಕಟ್ಕಂಡು ಕೂತಾಳೆ. ನೀ ನೋಡಿದ್ರೆ ಮನೆಗ್ ಹೋಗನ ಅಂತೀಯ.”

“ನನ್ ಗಂಟ್ಲು ಹೋಗೈತಜ್ಜಿ. ನಾ ಹೆಂಗ್ ಹಾಡ್ಲಿ ಇನ್ನು?”

ಗಂಗಜ್ಜಿಗೆ ರೇಗಿತು. “ನಿನ್ ಗಂಟ್ಲು ಯಾರ್ ಕೇಳಿದ್ರೆ? ನೀ ಬದದ ಮೇಲೆ ಕೂತ್ಕ. ನಿಮ್ಮವ್ವ ಬಗ್ಗಿದ್ದಾಗ ಕೂತಿರ್ತಿರ್ಲಿಲ್ವ, ಹಂಗೆ. ನಾವ್ ನೆಡ್ತೀವಿ.”

ನಾನು ಬಾಯಿ ಮುಚ್ಚಿದರೆ ಎಲ್ಲವೂ ಮುಚ್ಚಿತು ಎಂದುಕೊಂಡಿದ್ದೆ. ಅಷ್ಟು ವರ್ಷ ಊರೂರು ತಿರುಗಿ ಜನರನ್ನು ಕೂಡಿಸಿದೆ ಎಂದು ಹೆಮ್ಮೆಪಟ್ಟುಕೊಂಡವಳಿಗೆ, ಕೂಡಿದವರು ಅಲ್ಲೇ ಕೂತಿರುವುದು ಕಾಣಿಸಿರಲಿಲ್ಲ. ಕಟ್ಟೆಯ ಅಂಚಿನಲ್ಲಿ ಕೂತುಬಿಟ್ಟೆ. ಎಲ್ಲರೂ ಶಾರದಕ್ಕನ ಕಡೆ ತಿರುಗಿದರು. ಅವರು ಎದ್ದು ನಿಂತು, ಎರಡು ಸಲ ಕೆಮ್ಮಿ, ನೆಲ ನೋಡುತ್ತ ಹಾಡಿದರು.

ನಾಲೆಗೆ ನೀರ್ ಬಿಟ್ರು, ನನಗ್ಯಾರು ಹೇಳ್ಲಿಲ್ಲ
ಕಾಲಿಗೆ ತಂಪು ತಾಗ್ದಾಗ ಗೊತ್ತಾತು

“ಗೊತ್ತಾತು ತಾಯಿ ಗೊತ್ತಾತು” ಎಂದು ಸೊಲ್ಲು ಬಂತು. ಎರಡೂ ಊರಿನದು, ಎರಡೂ ಕಡೆಯ ಮಾತಿನದು, ಒಟ್ಟಿಗೆ. ಹಾಲಪ್ಪ ಗುಣಿಕೆ ಕೋಲು ಮುಟ್ಟದೆ ಬರೀ ಅಂಗೈಯಲ್ಲಿ ಡೊಳ್ಳನ್ನು ತಟ್ಟತೊಡಗಿದ. ನಾನು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಈ ನೀಲಿ ಬಿಲ್ಲೆಯಿಂದ ಮೆತ್ತಗೆ ಮೀಟಿದೆ. ಕಣ್ಣೀರೂ ಬಂತು, ಅದರಲ್ಲಿ ಮುಚ್ಚುವುದೇನಿದೆ. ಅವತ್ತು ಡೈರಿಗೆ ಹಾಲು ತಡವಾಗಿ ಬಂತೆಂದು ಕಾರ್ಯದರ್ಶಿ ಈಗಲೂ ಗೊಣಗುತ್ತಾರೆ.

ಅದಾದ ಮೇಲೆ ನಾವು ತಿರುಗುವುದು ನಿಂತಿಲ್ಲ. ನಾನು ಹಾಡುವುದಿಲ್ಲ, ಬಾರಿಸುತ್ತೇನೆ. ಹಾಡು ಎತ್ತುವವರೂ ಆಯಾ ಊರಿನವರೇ, ಸೊಲ್ಲು ಕೊಡುವವರೂ ಅವರೇ. ಡೊಳ್ಳಿಗೆ ಕಿಟಕಿಯ ಸೀಟು ಇದ್ದೇ ಇದೆ. ಗಂಟಲು ಈಗ ವಾಸಿ, ಗಿರಾಕಿಗಳೊಂದಿಗೆ ಜಗಳವಾಡುವಷ್ಟು ದನಿ ಬಂದಿದೆ.

ಹುಕ್ಕು ಹಾಕಿ ಮುಗಿಸಿ ರವಿಕೆಯನ್ನು ಮಡಚಿ ಕೊಟ್ಟೆ. ಶಾರದಕ್ಕ ಬಿಲ್ಲೆಯನ್ನು ಗುಂಡಿಗಳ ನಡುವೆ ಜೋಪಾನವಾಗಿ ಇಟ್ಟು, ಡಬ್ಬಿಯ ಮುಚ್ಚಳ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ನನಗೆ ಏನೋ ತುಂಟತನ ಬಂತು. ಅವರು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಮೆಲ್ಲಗೆ, ಗಂಟಲಿಗೆ ನೋವಾಗದಷ್ಟೇ, ಗುನುಗಿದೆ.

“ಹೊತ್ತು ಹೋಯ್ತು ತಂಗಿ...”

ಶಾರದಕ್ಕ ಥಟ್ಟನೆ ತಿರುಗಿ ನಿಂತರು. ಕಣ್ಣಲ್ಲಿ ನಗು, ತುಟಿ ಬಿಗಿ. ಅಂಜನಾಪುರದ ಗದ್ದೆಗಳಲ್ಲಿ ಇಂಥದೊಂದು ಕಟ್ಟಳೆ ಎಂದೂ ಇದ್ದದ್ದಲ್ಲ. ಕುಪ್ಪಗಡ್ಡೆಯಿಂದ ಅದು ಯಾವಾಗ ಬಸ್ಸು ಹತ್ತಿ ಅಲ್ಲಿಗೆ ಹೋಯಿತೋ ನನಗೆ ತಿಳಿಯದು. ನಾನು ಇನ್ನೊಂದು ಸಲ ಎತ್ತಿದೆ. ಅವರು ಇಲ್ಲವೆಂದು ತಲೆಯಾಡಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಸೊಲ್ಲು ಕೊಡದೆಯೇ ಮೆಟ್ಟಿಲಿಳಿದು ಹೋದರು.